ಬಲಗಡೆಯ ಬಾಗಿಲು

ಮಂಗಳೂರಿನ ವಿಮಾನ ನಿಲ್ದಾಣದಿಂದ ಹೊರಗೆ ಬಂದು ನಾನು ಮಾಡಿದ ಮೊದಲ ಕೆಲಸವೇ ತಪ್ಪಾಯಿತು. ನಮ್ಮನ್ನು ಕರೆದುಕೊಂಡು ಹೋಗಲು ಸುಳ್ಯದಿಂದ ಬಾಡಿಗೆ ಕಾರು ಬಂದಿತ್ತು. ಪೆಟ್ಟಿಗೆಗಳನ್ನು ಡಿಕ್ಕಿಗೆ ತುಂಬಿಸಿ, ಹೆಂಡತಿಯನ್ನು ಹಿಂದೆ ಕೂರಿಸಿ, ಚಾಲಕನ ಪಕ್ಕ ಕೂರೋಣವೆಂದು ದೊಡ್ಡ ಗತ್ತಿನಲ್ಲಿ ಹೋಗಿ ಬಲಗಡೆಯ ಬಾಗಿಲು ತೆಗೆದೆ. ಎದುರಿಗೆ ಸ್ಟೇರಿಂಗು.

"ಕಾಕಾ, ಗಾಡಿ ನೀವೇ ಬಿಡುದಾ?" ಎಂದು ಚಾಲಕ ನಕ್ಕ. ಅವನು ನಮ್ಮ ಅಜ್ಜಾವರದವನೇ. ನಾಳೆ ಸುಳ್ಯದ ಕಾರು ಸ್ಟ್ಯಾಂಡಿನಲ್ಲಿ ಈ ಸುದ್ದಿ ಚಹಾದೊಂದಿಗೆ ಹಂಚಿಕೆಯಾಗುವುದರಲ್ಲಿ ಸಂಶಯವಿರಲಿಲ್ಲ.

ದುಬೈಯಲ್ಲಿ ಚಾಲಕ ಕೂರುವುದು ಎಡಗಡೆ. ಪಕ್ಕದಲ್ಲಿ ಕೂರುವವನಿಗೆ ಬಲಗಡೆಯ ಬಾಗಿಲು. ಅಲ್ಲಿಂದ ಬಂದವರೆಲ್ಲ ಮೊದಲ ದಿನ ಈ ತಪ್ಪು ಮಾಡುತ್ತಾರೆ, ಊರಿನವರು ಅದನ್ನು ನೋಡಿ ನಗಲೆಂದೇ ಕಾದಿರುತ್ತಾರೆ. ನಾನು ಅಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಪ್ರತಿ ಸಲ ರಜೆಗೆ ಬಂದಾಗಲೂ ನಾನು ಹೀಗೇ ನಗೆಪಾಟಲಾಗಿದ್ದೇನೆ. ಆಗ ಒಳಗೊಳಗೆ ಹೆಮ್ಮೆಯೂ ಇತ್ತೆಂದು ಕಾಣುತ್ತದೆ. ಈ ಸಲ ಹೆಮ್ಮೆ ಬರಲಿಲ್ಲ, ಬರೀ ಸಿಟ್ಟು ಬಂತು.

"ಹೋಗುವಾಗ ಅಲ್ಲಿಯೂ ತಪ್ಪು ಬಾಗಿಲು ತೆಗೆದದ್ದು ನೀವೇ ಅಲ್ವಾ?" ಎಂದು ಹಿಂದಿನಿಂದ ಹೆಂಡತಿ ನಗುತ್ತಾ ನೆನಪಿಸಿದಳು. ಹೌದು, ಅಲ್ಲಿ ಇಳಿದ ದಿನ ಅಳಿಯನ ಕಾರಿನ ಎಡಗಡೆಯ ಬಾಗಿಲು ತೆಗೆದಿದ್ದೆ. ಎರಡು ದೇಶಗಳಲ್ಲೂ ನನಗೆ ಸರಿಯಾದ ಬಾಗಿಲು ಗೊತ್ತಿಲ್ಲ ಎಂದಾಯಿತು. ಸುತ್ತಿ ಬಂದು ಎಡಗಡೆ ಕೂತೆ.

ಪುತ್ತೂರಿನವರೆಗೂ ನನ್ನ ಸಿಟ್ಟು ಇಳಿಯಲಿಲ್ಲ. ಸಿಟ್ಟು ಬಂದದ್ದು ಬಾಗಿಲಿಗೋಸ್ಕರ ಅಲ್ಲ. ಮನೆ ತಲುಪಿದ ಕೂಡಲೇ ನೆರೆಮನೆಯ ಅಕ್ಕ ಬರುತ್ತಾರೆ, ಬಂದು ಒಂದೇ ಒಂದು ಪ್ರಶ್ನೆ ಕೇಳುತ್ತಾರೆ, ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಅದೇ ತಲೆಯಲ್ಲಿ ಕೊರೆಯುತ್ತಿತ್ತು.

ಅಕ್ಕ ಎಂದರೆ ನಮ್ಮ ಮನೆಯ ಕೆಳಗಿನ ತಿರುವಿನಲ್ಲಿ ಇರುವವರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಮನೆಯಲ್ಲಿ ತುಳು ಮಾತಾಡುವವರು. ನಾವು ಬ್ಯಾರಿ ಮುಸ್ಲಿಮರು, ಹಾಗಾಗಿ ಅವರಿಗೆ ನಾನು ಬ್ಯಾರಿಗಳು, ನನಗೆ ಅವರು ಅಕ್ಕ. ಗಂಡ ತೀರಿಕೊಂಡ ಮೇಲೆ ಬೀಡಿ ಕಟ್ಟಿ ಒಬ್ಬನೇ ಮಗನನ್ನು ಸಾಕಿದರು. ನಾನು ಊರಿಗೆ ಬಂದು ನೆಲೆಸಿದ ಮೇಲೆ ಆ ಹುಡುಗನಿಗೆ ದುಬೈಯ ದಾರಿ ಹೇಳಿಕೊಟ್ಟವನೂ ನಾನೇ. ಅಲ್ಲಿ ಅವನು ಕುಡಿಯುವ ನೀರಿನ ದೊಡ್ಡ ಬಾಟಲಿಗಳನ್ನು ಮನೆಮನೆಗೆ ಹಾಕುವ ವ್ಯಾನಿನ ಡ್ರೈವರ್. ವರ್ಷದ ಹಿಂದೆ ಬಾಟಲಿ ಇಳಿಸುವಾಗ ಮೆಟ್ಟಿಲಿನಿಂದ ಬಿದ್ದು ಕಾಲಿಗೆ ಪೆಟ್ಟಾಯಿತೆಂದು ಸುದ್ದಿ ಬಂತು. ಆಮೇಲೆ ಅವನೇ ಫೋನು ಮಾಡಿ ಎಲ್ಲ ಸರಿಯಾಯಿತು ಎಂದ. ಆದರೆ ರಜೆಗೆ ಬರಲಿಲ್ಲ. ಬರುತ್ತೇನೆ ಎಂದ ಹಬ್ಬಕ್ಕೂ ಬರಲಿಲ್ಲ.

ನಾವು ದುಬೈಗೆ ಹೊರಡುವ ಮುಂಚಿನ ದಿನ ಅಕ್ಕ ಒಂದು ಕಟ್ಟು ಹಿಡಿದುಕೊಂಡು ಬಂದರು. ಹಲಸಿನ ಹಪ್ಪಳ, ಸಾರಿಗೆ, ಪಾನಕಕ್ಕೆಂದು ಒಣಗಿಸಿದ ಪುನರ್ಪುಳಿ ಹಣ್ಣಿನ ಸಿಪ್ಪೆ. ಗಲ್ಫಿಗೆ ಹೊರಟವನ ಮನೆಗೆ ಹೀಗೆ ಕಟ್ಟುಗಳು ಬರುವುದು ನಮ್ಮಲ್ಲಿ ಹಿಂದಿನಿಂದಲೂ ಇದ್ದದ್ದೇ. ತೂಕ ಹೆಚ್ಚಾದರೆ ನಮ್ಮ ಬಟ್ಟೆ ತೆಗೆದಿಡಬೇಕೇ ಹೊರತು ಇನ್ನೊಬ್ಬರ ಕಟ್ಟು ಬೇಡ ಎನ್ನುವಂತಿಲ್ಲ. ನಾನು ಕಟ್ಟನ್ನು ಪೆಟ್ಟಿಗೆಯಲ್ಲಿಟ್ಟೆ. ಅಕ್ಕ ಹೋಗಲಿಲ್ಲ, ಜಗಲಿಯ ಕಂಬ ಹಿಡಿದು ನಿಂತರು.

"ಬ್ಯಾರಿಗಳೆ, ಇದು ಕೊಡದಿದ್ರೂ ಅಡ್ಡಿ ಇಲ್ಲ. ಒಂದು ಕೆಲಸ ಮಾಡಿ. ಅವ ನಡೆಯುದು ನೋಡಿ ಬನ್ನಿ."

"ಫೋನಿನಲ್ಲಿ ದಿನಾ ನೋಡ್ತೀರಲ್ಲ ಅಕ್ಕ?"

"ಫೋನಿನಲ್ಲಿ ಮುಖ ಮಾತ್ರ ಕಾಣುದು. ಯಾವಾಗ ಮಾಡಿದ್ರೂ ಕೂತೇ ಇರ್ತಾನೆ. ಎದ್ದು ನಿಲ್ಲು ಅಂದ್ರೆ ನಗ್ತಾನೆ. ನೀವು ನೋಡಿ, ನನಗೆ ಬಂದು ಹೇಳಿ. ಎಂತ ಇದ್ರೂ ಹೇಳಿ."

ನಾನು ಧಾರಾಳವಾಗಿ ಒಪ್ಪಿದೆ. ಇದೆಂತ ದೊಡ್ಡ ವಿಷಯ ಎಂಬಂತೆ ಕೈಯಾಡಿಸಿದೆ. ದುಬೈ ಎಂದರೆ ನನಗೆ ಸುಳ್ಯದ ಪೇಟೆಯ ಹಾಗೆ ಎಂದು ನಾನು ಊರಿಡೀ ಹೇಳಿಕೊಂಡು ಬಂದವನು. ಅಲ್ಲಿಯ ದೇರಾದ ಒಂದು ಹಾರ್ಡ್‌ವೇರ್ ಅಂಗಡಿಯ ಗೋದಾಮಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊಳೆ, ಬೋಲ್ಟು, ಪೈಪುಗಳ ನಡುವೆ ಬದುಕಿದ್ದೇನೆ. ಇಲ್ಲಿ ಮನೆ ಕಟ್ಟಿದ್ದೂ ಮಗಳ ಮದುವೆ ಮಾಡಿದ್ದೂ ಅದರಿಂದಲೇ. ಈಗ ಆ ಮಗಳೇ ಗಂಡನೊಂದಿಗೆ ಅಲ್ಲಿದ್ದಾಳೆ. ಅವಳ ಹೆರಿಗೆಗೆಂದು ನಾವು ಹೊರಟದ್ದು. ಬಾಣಂತನ ಹೆಂಡತಿಯ ಕೆಲಸ. ನನ್ನ ಕೆಲಸ ಎಂತ ಎಂದು ಕೇಳಿದರೆ, ಹಳೇ ಜಾಗಗಳನ್ನೆಲ್ಲ ನೋಡಿ ಹಳೇ ಗೆಳೆಯರನ್ನೆಲ್ಲ ಕಂಡು ಬರುವುದು ಎಂದು ಕೊಚ್ಚಿಕೊಂಡಿದ್ದೆ.

ಹಳೇ ಜಾಗಗಳು ಅಲ್ಲಿಯೇ ಇದ್ದವು. ನನ್ನನ್ನು ಗುರುತಿಸುವವರು ಮಾತ್ರ ಯಾರೂ ಇರಲಿಲ್ಲ. ನಮ್ಮ ಗೋದಾಮಿನ ಜಾಗದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಒಳಗೆ ಹೋಗಿ, ಇಲ್ಲಿ ಮೂಲೆಯಲ್ಲಿ ಒಂದು ಕಬ್ಬಿಣದ ಏಣಿ ಇತ್ತು ಎಂದು ಹರುಕು ಹಿಂದಿಯಲ್ಲಿ ಹೇಳಿದೆ. ಅಲ್ಲಿದ್ದ ಯುವಕ ನನ್ನ ಫೋನು ಯಾವುದೆಂದು ಕೇಳಿ ಅದಕ್ಕೆ ಹೊಂದುವ ಕವರು ತೋರಿಸಿದ. ಬೇಡ ಎನ್ನಲಾಗದೆ ಕೊಂಡುಕೊಂಡೆ. ಹಸಿರು ಬಣ್ಣದ್ದು. ಮಗಳು ನೋಡಿ, "ಬಾಪಾ, ಇದು ನಿಮ್ಮ ಫೋನಿಗೆ ಆಗುದಿಲ್ಲ" ಎಂದಳು.

ಶುಕ್ರವಾರದ ಮೇಲೆ ನನಗೆ ಹೆಚ್ಚು ಭರವಸೆ ಇತ್ತು. ನಮ್ಮ ಕಾಲದಲ್ಲಿ ಶುಕ್ರವಾರ ರಜೆ. ನಮಾಜು ಮುಗಿಸಿ ದೇರಾದ ಬಸ್ ನಿಲ್ದಾಣದ ಹಿಂದಿನ ಖಾಲಿ ಜಾಗಕ್ಕೆ ಹೋದರೆ ಸಾಕು, ಪುತ್ತೂರು, ಸುಳ್ಯ, ಕಡಬದವರೆಲ್ಲ ಅಲ್ಲಿ ಗುಂಪುಗುಂಪಾಗಿ ನಿಂತಿರುತ್ತಿದ್ದರು. ಬ್ಯಾರಿಗಳು, ಗೌಡರು, ಪೂಜಾರಿಗಳು, ಕ್ರಿಶ್ಚಿಯನ್ನರು, ಎಲ್ಲರೂ. ಯಾರಿಗೆ ಕೊಡಬೇಕಾದ ಕಟ್ಟು ಇದ್ದರೂ ಅಲ್ಲಿ ಒಬ್ಬನ ಕೈಗೆ ಕೊಟ್ಟರೆ ಅದು ಸಂಜೆಯೊಳಗೆ ಮುಟ್ಟುತ್ತಿತ್ತು. ಊರಿಗೆ ಹೊರಟವನನ್ನು ಸುತ್ತುವರಿದು ನಿಂತು ಎಲ್ಲರೂ ಮಾತು ಹೇಳಿ ಕಳುಹಿಸುವುದೂ ಅಲ್ಲಿಯೇ. ಹೋದವನು ರಜೆಯ ಮೊದಲ ವಾರ ಮನೆಮನೆಗೆ ತಿರುಗಿ ಅದನ್ನು ಹೇಳಲೇಬೇಕು. ಎಲ್ಲ ತಾಯಂದಿರಿಗೂ ಹೇಳುವುದು ಒಂದೇ: ನಿಮ್ಮ ಮಗ ಚೆನ್ನಾಗಿದ್ದಾನೆ, ದಪ್ಪ ಆಗಿದ್ದಾನೆ.

ಒಮ್ಮೆ ನನಗೆ ಕಾಮಾಲೆಯಾಗಿ ಕೋಣೆಯಲ್ಲಿ ಬಿದ್ದುಕೊಂಡಿದ್ದೆ. ಗುತ್ತಿಗಾರಿನ ಒಬ್ಬರು ರಜೆಗೆ ಹೊರಟವರು ನೋಡಲು ಬಂದರು. "ಉಮ್ಮನ ಹತ್ರ ದಪ್ಪ ಆಗಿದ್ದೇನೆ ಅಂತ ಹೇಳಿ" ಎಂದು ನಾನೇ ಅವರ ಕೈ ಹಿಡಿದು ಹೇಳಿದ್ದೆ. ಪಾಪ, ಅವರು ಬಿಸಿಲಿನಲ್ಲಿ ಬಸ್ಸು ಬದಲಾಯಿಸಿಕೊಂಡು ನಮ್ಮ ಮನೆಗೆ ಬಂದು ಹಾಗೆಯೇ ಹೇಳಿದರು. ಉಮ್ಮ ಅದನ್ನು ಊರೆಲ್ಲ ಹೇಳಿಕೊಂಡು ಬಂದರು. ಕೆಲವು ತಿಂಗಳ ನಂತರ ನಾನು ಬಂದು ಜಗಲಿ ಹತ್ತಿದಾಗ, ಉಮ್ಮ ನನ್ನ ಎಲುಬೆದ್ದ ಮಣಿಗಂಟು ಹಿಡಿದು ನೋಡಿದರು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಆದರೆ ಆ ಗುತ್ತಿಗಾರಿನ ಮನುಷ್ಯನ ಸುದ್ದಿ ಬಂದರೆ ಸಾಯುವವರೆಗೂ ಅಲ್ಲಿಂದ ಎದ್ದು ಹೋಗುತ್ತಿದ್ದರು. ಹೇಳಿಸಿದ್ದು ನಾನು ಎಂದರೂ ಕೇಳಲಿಲ್ಲ. "ಅವರಿಗೂ ತಾಯಿ ಇರ್ಲಿಲ್ವಾ?" ಎನ್ನುತ್ತಿದ್ದರು.

ಆ ಜಾಗಕ್ಕೆ ಈ ಸಲ ನಾನು ಶುಕ್ರವಾರ ನಮಾಜು ಮುಗಿಸಿ ಹೋದೆ. ಬಸ್ಸುಗಳು ನಿಂತಿದ್ದವು, ಜನ ಇರಲಿಲ್ಲ. ನೆರಳಿನಲ್ಲಿ ನಿಂತು ಕಾದೆ. ಎದುರಿನ ಚಹಾದಂಗಡಿಯ ಕಾಸರಗೋಡಿನವ ಕಡೆಗೆ ಕನಿಕರಪಟ್ಟು, ಈಗ ಇಲ್ಲಿ ಶುಕ್ರವಾರ ರಜೆ ಇಲ್ಲ, ಶನಿವಾರ ಭಾನುವಾರಕ್ಕೆ ಬದಲಾಗಿ ವರ್ಷಗಳಾದವು ಎಂದ. ಹಾಗಾದರೆ ಶನಿವಾರ ಬರುತ್ತಾರಾ ಎಂದು ಕೇಳಿದೆ. "ಎಲ್ಲಿಗೆ ಬರುದು? ಎಲ್ಲರ ಕೈಯಲ್ಲೂ ಫೋನು ಉಂಟಲ್ಲ" ಎಂದ. ನಾನು ನನ್ನ ಹಸಿರು ಕವರನ್ನು ಜೇಬಿನಲ್ಲಿಟ್ಟುಕೊಂಡು ಮಗಳ ಮನೆಗೆ ಮರಳಿದೆ. ಆ ದಿನ ನನಗಾದ ಬೇಸರ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಹೆಂಡತಿ ನಗುತ್ತಿದ್ದಳು, ಇಲ್ಲವೇ ಅಳುತ್ತಿದ್ದಳು. ಎರಡೂ ನನಗೆ ಬೇಕಿರಲಿಲ್ಲ.

ಅಕ್ಕನ ಮಗನಿಗೆ ನಾನು ಅಲ್ಲಿಗೆ ಹೋದ ವಾರವೇ ಫೋನು ಮಾಡಿದ್ದೆ. ತುಂಬ ಸಂತೋಷದಿಂದ ಮಾತಾಡಿದ. "ಈ ವಾರ ಡ್ಯೂಟಿ ಉಂಟು ಕಾಕಾ, ಬರುವ ವಾರ ನಾನೇ ಬರ್ತೇನೆ" ಎಂದ. ಬರುವ ವಾರವೂ ಡ್ಯೂಟಿ ಇತ್ತು. ನೀನಿರುವಲ್ಲಿಗೆ ನಾನೇ ಬರುತ್ತೇನೆ ಎಂದರೆ, ಅದು ಊರ ಹೊರಗೆ, ನಿಮಗೆ ಗೊತ್ತಾಗುವುದಿಲ್ಲ ಎಂದ. ನನಗೆ ಗೊತ್ತಾಗುವುದಿಲ್ಲ ಎಂದದ್ದು ನನ್ನನ್ನು ಚುಚ್ಚಿತು, ಆದ್ದರಿಂದ ನಾನೂ ಒತ್ತಾಯಿಸಲಿಲ್ಲ. ಮೊಮ್ಮಗ ಹುಟ್ಟಿದ. ಆಸ್ಪತ್ರೆ, ತೊಟ್ಟಿಲು, ರಾತ್ರಿ ಅಳು, ಹೀಗೆ ದಿನಗಳು ಹೋದವು. ಪುನರ್ಪುಳಿಯ ಪರಿಮಳ ಪೆಟ್ಟಿಗೆಯ ಬಟ್ಟೆಗಳಿಗೆಲ್ಲ ಹಿಡಿಯಿತು.

ನಾವು ಹೊರಡುವುದಕ್ಕೆ ಸ್ವಲ್ಪ ದಿನ ಇರುವಾಗ ಒಂದು ಸಂಜೆ ಅವನೇ ಫೋನು ಮಾಡಿದ. "ಕಾಕಾ, ಕೆಳಗೆ ಬನ್ನಿ. ನಿಮ್ಮ ಬಿಲ್ಡಿಂಗಿನ ಮುಂದೆ ಇದ್ದೇನೆ. ಪಾರ್ಕಿಂಗ್ ಇಲ್ಲ, ಬೇಗ ಬನ್ನಿ." ನಾನು ಕಟ್ಟನ್ನು ಹಿಡಿದು ಚಪ್ಪಲಿಯಲ್ಲೇ ಓಡಿದೆ.

ಒಂದು ಬಿಳಿ ಕಾರು ನಿಂತಿತ್ತು. ಅವನು ಬಲಗಡೆಯ ಕಿಟಕಿಯಿಂದ ಕೈ ಬೀಸಿದ. ಸ್ಟೇರಿಂಗ್ ಹಿಡಿದಿದ್ದದ್ದು ಅವನ ದೋಸ್ತಿ. ನಾನು ಹಿಂದೆ ಕೂತೆ. ಅಲ್ಲಿ ಯಾರನ್ನೇ ಕಂಡರೂ ಮೊದಲು ಚಹಾ, ಚಹಾಕ್ಕೆ ಕಾರಿನಿಂದ ಇಳಿಯುವ ಕ್ರಮವಿಲ್ಲ. ಹೋಟೆಲಿನ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹಾಕಿದರೆ ಒಳಗಿನಿಂದ ಒಬ್ಬ ಓಡಿ ಬಂದು ಕಾಗದದ ಲೋಟಗಳಲ್ಲಿ ಚಹಾ ಕೊಟ್ಟು ಹೋಗುತ್ತಾನೆ. ನಾವು ನಮ್ಮ ಕಾಲದಲ್ಲಿ ಎಷ್ಟು ಸಂಜೆಗಳನ್ನು ಹೀಗೆ ಕಳೆದಿದ್ದೇವೋ ಲೆಕ್ಕವಿಲ್ಲ. ಮದುವೆಯ ಮಾತುಕತೆ ಮುಗಿದದ್ದೂ ಕಾರಿನೊಳಗೆ, ಸಾವಿನ ಸುದ್ದಿ ಕೇಳಿ ಅತ್ತದ್ದೂ ಕಾರಿನೊಳಗೆ. ಕೊನೆಗೂ ನನಗೆ ಗೊತ್ತಿರುವ ದುಬೈ ಸಿಕ್ಕಿತೆಂದು ನನಗೆ ಕುಣಿಯುವಷ್ಟು ಖುಷಿಯಾಯಿತು.

ದೋಸ್ತಿ ನಮ್ಮಿಬ್ಬರನ್ನು ಬಿಟ್ಟು ಹೊರಗೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಇವನು ಸೀಟಿನಲ್ಲೇ ಹಿಂದಕ್ಕೆ ತಿರುಗಿ ಕಟ್ಟು ಬಿಚ್ಚಿದ. ಪುನರ್ಪುಳಿಯ ಒಂದು ಸಿಪ್ಪೆಯನ್ನು ಹಾಗೆಯೇ ಬಾಯಿಗೆ ಹಾಕಿ ಕಣ್ಣು ಮುಚ್ಚಿದ. ಮುಖ ತುಂಬಿಕೊಂಡಿತ್ತು. ಗಡ್ಡ ಬಿಟ್ಟಿದ್ದ.

"ಅಮ್ಮ ಬೀಡಿ ಕಟ್ಟುದು ನಿಲ್ಲಿಸಿದ್ದಾರಾ ಕಾಕಾ?"

"ಎಲ್ಲಿ ನಿಲ್ಲಿಸ್ತಾರೆ ಮಾರಾಯ. ನಿನ್ನ ಕಾಲು ಹೇಗುಂಟು?"

ಅವನು ತೊಡೆಯ ಮೇಲೆ ಒಮ್ಮೆ ಕೈಯಿಂದ ಬಡಿದ. "ಇದಾ? ಎಂತ ಆಗ್ಲಿಲ್ಲ. ಅಮ್ಮ ಸುಮ್ಮನೆ ಹೆದರುದು."

"ಊರಿಗೆ ಯಾವಾಗ?"

"ಬರುದು ಕಾಕಾ. ಬರ್ಲೇಬೇಕಲ್ಲ" ಎಂದು ಹೊರಗೆ ನೋಡಿದ. ಆಮೇಲೆ ಪಯಸ್ವಿನಿಯಲ್ಲಿ ಈ ಸಲ ನೀರು ಎಷ್ಟು ಉಂಟು, ಸುಳ್ಯದ ಪೇಟೆಯಲ್ಲಿ ಹೊಸ ಅಂಗಡಿ ಯಾವುದು ಎಂದೆಲ್ಲ ಕೇಳಿದ. ನಾನು ಉತ್ಸಾಹದಲ್ಲಿ ಹೇಳುತ್ತಲೇ ಹೋದೆ. ನನ್ನ ಮಾತಿಗೆ ಮೂರು ತಿಂಗಳಲ್ಲಿ ಮೊದಲ ಬಾರಿ ಒಬ್ಬ ಕೇಳುಗ ಸಿಕ್ಕಿದ್ದ. ಹಿಂದಿನಿಂದ ಬಂದ ಕಾರು ಹಾರ್ನ್ ಹಾಕಿತು. ದೋಸ್ತಿ ಓಡಿಬಂದು ಕೂತ. ನನ್ನನ್ನು ಬಿಲ್ಡಿಂಗಿನ ಮುಂದೆ ಇಳಿಸಿದರು. ನಾನು ಕಾಗದದ ಲೋಟ ಹಿಡಿದುಕೊಂಡೇ ನಿಂತು ಕೈ ಬೀಸಿದೆ. ಕಾರು ಸಿಗ್ನಲಿನಲ್ಲಿ ತಿರುಗಿದ ಮೇಲೆ ನನಗೆ ನೆನಪಾಯಿತು: ಅವನು ನಡೆಯುವುದನ್ನು ನಾನು ನೋಡಲೇ ಇಲ್ಲ.

ಕೂಡಲೇ ಫೋನು ಮಾಡಿ, ಹೊರಡುವ ಮುಂಚೆ ಒಂದು ಸಲ ಮೇಲೆ ಮನೆಗೆ ಬಾ, ಮಗುವನ್ನು ನೋಡಿ ಹೋಗು ಎಂದೆ. "ಖಂಡಿತ ಕಾಕಾ" ಎಂದ. ಬರಲಿಲ್ಲ. ಚಹಾಕ್ಕೆ ಇಳಿಯದಿದ್ದದ್ದು ಅಲ್ಲಿಯ ಕ್ರಮವೋ, ಅವನು ಬೇಕೆಂದೇ ಇಳಿಯಲಿಲ್ಲವೋ ನನಗೆ ತಿಳಿಯಲಿಲ್ಲ. ಆ ಕ್ರಮ ಗೊತ್ತಿಲ್ಲದವನೊಬ್ಬ ನನ್ನ ಜಾಗದಲ್ಲಿ ಇದ್ದಿದ್ದರೆ, ಇಳಿ ಮಾರಾಯ, ಒಳಗೆ ಕೂತು ಕುಡಿಯುವ ಎನ್ನುತ್ತಿದ್ದನೇನೋ. ಆ ದೇಶ ನನಗೆ ಅಷ್ಟು ಚೆನ್ನಾಗಿ ಗೊತ್ತಿದ್ದದ್ದೇ ತೊಂದರೆಯಾಯಿತು.

ಇದನ್ನೇ ಯೋಚಿಸುತ್ತಾ ಬಂದ ನಾನು, ಪುತ್ತೂರಿನಲ್ಲಿ ಚಹಾಕ್ಕೆಂದು ಬಾಡಿಗೆ ಕಾರು ನಿಲ್ಲಿಸಿದಾಗ ಇಳಿಯದೆ ಕೂತೇ ಇದ್ದೆ. "ಇಲ್ಲಿ ಯಾರೂ ತಂದು ಕೊಡುದಿಲ್ಲ ಕಾಕಾ, ಇಳಿಯಿರಿ" ಎಂದ ಚಾಲಕ. ಇಳಿದೆ. ಜಾಲ್ಸೂರಿನ ನಂತರ ರಬ್ಬರ್ ತೋಟಗಳು ಎಲೆ ಉದುರಿಸಿ ನಿಂತಿದ್ದವು. ಅಕ್ಕನಿಗೆ ಏನು ಹೇಳುವುದೆಂದು ಹೆಂಡತಿಯನ್ನು ಕೇಳಿದೆ. "ಇದ್ದದ್ದು ಹೇಳಿ" ಎಂದಳು. ಅವಳು ಕಡಬದವಳು, ಅಲ್ಲಿಯವರದು ನೇರ ಮಾತು. ಅವಳಿಗೆ ಎಲ್ಲವೂ ಸುಲಭ.

ಮನೆಯಲ್ಲಿ ಬೀಗ ತೆಗೆದರೆ ಮುಗ್ಗಲು ವಾಸನೆ. ಬಾವಿಯ ಪಂಪು ಹಾಕಿದರೆ ಮೊದಲು ಕೆಂಪು ನೀರು ಬಂತು. ನಾನು ಮುಖ ತೊಳೆಯುವಷ್ಟರಲ್ಲಿ ಅಕ್ಕ ಬಂದಾಗಿತ್ತು. ಬೀಡಿಯ ಮೊರ ಹಿಡಿದುಕೊಂಡೇ ಬಂದಿದ್ದರು, ಅದನ್ನು ಕೆಳಗಿಡುವುದೂ ಮರೆತಿತ್ತು. ಮಗಳ ಬಗ್ಗೆ, ಮಗುವಿನ ಬಗ್ಗೆ ಕ್ರಮದಂತೆ ವಿಚಾರಿಸಿದರು. ನಾನು ಅವರಿಗೆಂದು ತಂದ ನೋವಿನ ಎಣ್ಣೆಯ ಬಾಟಲಿ ಕೊಟ್ಟೆ. ಅದನ್ನು ನೋಡಲೂ ಇಲ್ಲ.

"ನಡೆದನಾ?" ಎಂದರು.

ಇದ್ದದ್ದು ಹೇಳುವುದೆಂದೇ ನಾನು ನಿರ್ಧರಿಸಿದ್ದೆ. "ನಡೆಯುದು ನೋಡ್ಲಿಕ್ಕೆ ಆಗ್ಲಿಲ್ಲ ಅಕ್ಕ. ಅಲ್ಲಿ ಕಾರಿನಲ್ಲೇ ಕೂತು ಚಹಾ ಕುಡಿಯುದು. ಅವ ಇಳಿಯಲಿಲ್ಲ, ನಾನೂ ಇಳಿಯಲಿಲ್ಲ. ಮುಖ ನೋಡಿದೆ. ಚೆಂದ ಇದ್ದಾನೆ."

ಅಕ್ಕನ ಮುಖ ಬಾಡಿತು. ಅದನ್ನು ನೋಡಲಾರದೆ ನಾನು ಅಂಗಳ ನೋಡಿದೆ. ಅವರು ಮೊರದ ಬೀಡಿಗಳನ್ನು ಒಂದು ಬದಿಗೆ ಸರಿಸಿದರು. ಆಮೇಲೆ, ಸಿಕ್ಕಿದಷ್ಟನ್ನಾದರೂ ಕಣ್ಣ ಮುಂದೆ ತಂದುಕೊಳ್ಳಬೇಕೆಂದು ಕಾಣುತ್ತದೆ, ಒಂದೊಂದೇ ಕೇಳತೊಡಗಿದರು.

"ಕಾರು ಯಾವ ಬಣ್ಣ?"

"ಬಿಳಿ."

"ನೀವು ಎಲ್ಲಿ ಕೂತದ್ದು?"

"ಹಿಂದೆ."

"ಅವ?"

"ಮುಂದೆ."

"ಮುಂದೆ ಯಾವ ಬದಿ?"

"ಬಲದ ಬದಿ" ಎಂದೆ.

ಅಕ್ಕ ಮೊರವನ್ನು ಜಗಲಿಯ ಮೇಲಿಟ್ಟರು. "ಬಲದ ಬದಿಯಾ? ಹಾಗಾದ್ರೆ ಗಾಡಿ ಅವನೇ ಬಿಟ್ಟುಕೊಂಡು ಬಂದದ್ದು! ನೀವು ಅದು ಹೇಳುದಲ್ವಾ ಮಾರಾಯ್ರೆ ಮೊದಲು? ಗಾಡಿ ಬಿಡುವವನ ಕಾಲಿಗೆ ಎಂತ ಆಗಿರ್ತದೆ! ನಾನು ಸುಮ್ಮನೆ ಎಂತೆಂತದ್ದೋ ಯೋಚನೆ ಮಾಡಿದ್ದು" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕರು. ಅವರ ನಗು ಕೇಳದೆ ಎಷ್ಟೋ ಕಾಲವಾಗಿತ್ತು.

ಅಲ್ಲಿ ಬಲಗಡೆ ಕೂತವನು ಗಾಡಿ ಬಿಡುವವನಲ್ಲ. ವ್ಯಾನು ಬಿಡುವುದೇ ಕಸುಬಾದ ಆಳು ಇನ್ನೊಬ್ಬನ ಪಕ್ಕದಲ್ಲಿ ಕೂತು ಬಂದಿದ್ದ ಎಂಬುದು ನನಗೂ ಆಗಲೇ ತಲೆಗೆ ಹೊಳೆದದ್ದು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಎಣ್ಣೆಯ ಬಾಟಲಿಯ ಮುಚ್ಚಳ ತೆಗೆದು ಮೂಸಿ, ಒಳ್ಳೆ ಪರಿಮಳ ಉಂಟು ಎಂದರು. ನನಗೆ ಧೈರ್ಯ ಬರಲಿಲ್ಲ. ಅವರು ಹೋದ ಮೇಲೆ ಹಿಂದಿರುಗಿ ನೋಡಿದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಬೆಳಿಗ್ಗೆ ನನ್ನನ್ನು ನೋಡಿ ನಕ್ಕವಳು ಈಗ ನಗಲಿಲ್ಲ.

ಮರುದಿನ ಅವನಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. "ಗಾಡಿ ನೀನೇ ಬಿಟ್ಟದ್ದು ಅಂತ ತಿಳ್ಕೊಂಡಿದ್ದಾರೆ. ನಾನು ಎಂತ ಹೇಳ್ಲಿ?" ಎಂದು ಕೇಳಿದೆ. ಆ ಕಡೆಯಿಂದ ಎ.ಸಿ. ಗುಂಯ್‌ಗುಡುವುದು ಕೇಳುತ್ತಿತ್ತು.

"ಹಾಗೇ ಇರ್ಲಿ ಕಾಕಾ" ಎಂದ ಕಡೆಗೆ.

ಕಾಲಿಗೆ ಎಷ್ಟಾಗಿದೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಈಗ ಆಫೀಸಿನಲ್ಲಿ ಫೋನು ಎತ್ತುವ ಕೆಲಸ ಕೊಟ್ಟಿದ್ದಾರೆ ಎಂದಷ್ಟೇ ಹೇಳಿದ. ಊರಿಗೆ ಬಾ ಎಂದೆ. ಬರುತ್ತೇನೆ ಎಂದ.

ಅಕ್ಕ ಈಗ ಬಸ್ಸಿನಲ್ಲಿ, ಬೀಡಿ ಕೊಡುವಲ್ಲಿ, ಪಡಿತರದ ಅಂಗಡಿಯಲ್ಲಿ ಎಲ್ಲರಿಗೂ ಹೇಳುತ್ತಾರೆ, ಬ್ಯಾರಿಗಳು ಕಣ್ಣಾರೆ ನೋಡಿ ಬಂದಿದ್ದಾರೆ, ಮಗ ದುಬೈಯಲ್ಲಿ ಬಿಳಿ ಕಾರು ಬಿಡುತ್ತಾನೆ ಎಂದು. ಒಂದಲ್ಲ ಒಂದು ದಿನ ಅವನು ಬಂದೇ ಬರುತ್ತಾನೆ. ನಮ್ಮ ತಿರುವಿನಲ್ಲಿ ಕಾರು ನಿಲ್ಲುತ್ತದೆ. ಬಾಗಿಲು ತೆಗೆದು ಅವನು ಇಳಿಯಲೇಬೇಕು, ಅಂಗಳ ದಾಟಲೇಬೇಕು. ಆ ದಿನ ಅಕ್ಕ ಅವನ ಮೇಲೆ ಸಿಟ್ಟು ಮಾಡುವುದಿಲ್ಲವೆಂದು ನನಗೆ ಗೊತ್ತು. ಗುತ್ತಿಗಾರಿನ ಆ ಮನುಷ್ಯ ಈಗ ಇದ್ದಾರೋ ಇಲ್ಲವೋ ತಿಳಿಯದು, ಹೋಗಿ ಒಮ್ಮೆ ಅವರ ಕಾಲು ಹಿಡಿಯಬೇಕೆನಿಸುತ್ತದೆ.

ದಿನಾ ಬೆಳಿಗ್ಗೆ ಅಕ್ಕ ನಮ್ಮ ಜಗಲಿಗೆ ಬಂದು, "ಬ್ಯಾರಿಗಳೆ, ಅವ ಪುನರ್ಪುಳಿ ತಿಂದದ್ದು ಹೇಗೆ, ಇನ್ನೊಮ್ಮೆ ಹೇಳಿ" ಎನ್ನುತ್ತಾರೆ. ಮೊದಲೆರಡು ದಿನ ಹೇಳಿದೆ. ಈಗ ಅವರು ತಿರುವಿನಲ್ಲಿ ಕಾಣಿಸಿದ ಕೂಡಲೇ ನಾನೇ ಎದ್ದು ಒಳಗೆ ಹೋಗುತ್ತೇನೆ.